ರಕ್ತದ ಮೇದಸ್ಸೂ ಕಾಂತೀಯ ಅನುರಣನವೂ

ಮೇದಸ್ಸು ನೀರಿನಲ್ಲಿ ಕರಗತಕ್ಕುದಲ್ಲ. ಆದುದರಿಂದ ರಕ್ತದಲ್ಲಿ ಅದು ಪ್ರೋಟೀನಿನೊಡಗೂಡಿ ಸೂಕ್ಷ್ಮಕಣಗಳಾಗಿ ಸಂಚರಿಸುವುದು. ಜಯನಗರದ ಜಯದೇವ ಹೃದ್ರೋಗ ಸಂಸ್ಥೆಯಂತಹ ಆಸ್ಪತ್ರೆಗಳ ವಾಡಿಕೆಯ ಪರೀಕ್ಷೆಯು ಕಣಗಳೊಳಗಿನ ಕೊಲೆಸ್ಟರಾಲಿನ ಪ್ರಮಾಣವನ್ನು ತಿಳಿಸುವುದೇ ಹೊರತು ಕಣಗಳ ಸಂಖ್ಯೆಯನ್ನಲ್ಲ. ಒಂದೇ ತೂಕದ ರಾಗಿಯನ್ನು ಹತ್ತು ಮೂಟೆಗಳಲ್ಲಿಯೂ ನೂರು ಚೀಲಗಳಲ್ಲಿಯೂ ತುಂಬಬಹುದಷ್ಟೆ. ಧಮನಿಯ ಗೋಡೆಯನ್ನು ಹೊಕ್ಕು ಅಪಾಯವನ್ನುಂಟುಮಾಡುವುದರಲ್ಲಿ ಚೀಲಗಳ ಎಣಿಕೆಯೇ ಪ್ರಧಾನ.

೧೯೪೬ರಲ್ಲಿ ಬ್ಲಾಖ್, ಪರ್ಸೆಲ್ ಎಂಬವರು ಪ್ರತ್ಯೇಕವಾಗಿ ಪ್ರಕಟಿಸಿದ ಕಾಂತೀಯ ಅನುರಣನವು ಈ ಎಣಿಕೆಗೆ ಸಾಧನ. ಅನುರಣನವೆಂದರೆ, ಆಲಂಕಾರಿಕರೂ ಬಲ್ಲಂತೆ, ಘಂಟೆಯನ್ನು ಬಡಿದ ಮೇಲೆ ಉಳಿಯುವ ನಾದ. ಕಾಂತಕ್ಷೇತ್ರದಲ್ಲಿರಿಸಿದ ರಕ್ತರಸಕ್ಕೆ ರೇಡಿಯೋ ತರಂಗವನ್ನು ತಾಕಿಸಿದರೆ ಹೈಡ್ರೊಜನ್ ಪರಮಾಣುಬೀಜಗಳು ಹಾಗೆಯೇ ಮಿಡಿಯುವುವು. ಮೇದಸ್ಸಿನ ಮೀಥೈಲ್ ಗುಂಪಿನ ಸ್ವರವು ಕಣದ ಗಾತ್ರಕ್ಕನುಸಾರವಾಗಿ ಕಿಂಚಿತ್ ಬೇರೆಯಾಗುವುದು. ಬೆರೆತ ಸ್ವರಗಳನ್ನು ಗಣಿತದಿಂದ ಬಿಡಿಸಿದರೆ ಗಾತ್ರವೂ ಸಂಖ್ಯೆಯೂ ದೊರೆಯುವುವು. ಕೊಲೆಸ್ಟರಾಲು ಸಮವಾಗಿರುವ ಇಬ್ಬರಲ್ಲಿ ಅಪಾಯವು ಸಮವಲ್ಲದಿರುವುದಕ್ಕೆ ಇದೊಂದು ಸಮಾಧಾನ.