ಘಾಟಿ ಇಳಿಯುವ ಕಾರಿಗೆ ನಂಬಿಕೆಯ ಬ್ರೇಕು



ಕೊಳೆರೋಗ, ಬೋರ್ಡೋ ದ್ರಾವಣ, ಮಾರುಕಟ್ಟೆ ಧಾರಣೆಗಳ ನಡುವೆ ಕಾರಿನ ಬ್ರೇಕಿನ ವಿಚಾರವೇಕೆ ಎಂದು ಕೆಲವರಿಗಾದರೂ ಅನಿಸಬಹುದು. ಆದರೆ ಇಂದು ನಮ್ಮಲ್ಲಿ ಎರಡೆಕರೆ ತೋಟವಿರುವವರ ಅಂಗಳದಲ್ಲೂ ಒಂದು ಕಾರು ನಿಂತಿರುತ್ತದೆ. ಹಳೆಯ ಮಾರುತಿಯೋ, ಓಮ್ನಿಯೋ, ಪಿಕಪ್ಪೋ, ಅಂತೂ ಒಂದು ಗಾಡಿ. ಆ ಗಾಡಿ ವರ್ಷದಲ್ಲಿ ಹತ್ತಾರು ಸಲ ಘಟ್ಟ ಇಳಿಯಲೇಬೇಕು. ತೀರ್ಥಹಳ್ಳಿಯವರು ಮಣಿಪಾಲದ ಆಸ್ಪತ್ರೆಗೆಂದು ಆಗುಂಬೆಯ ಹದಿನಾಲ್ಕು ತಿರುವು ಇಳಿಯುತ್ತಾರೆ. ಹೊಸನಗರದವರು ಹುಲಿಕಲ್ ಘಾಟಿಯಲ್ಲಿ ಕುಂದಾಪುರಕ್ಕೆ, ಸಾಗರದವರು ಗೇರುಸೊಪ್ಪೆಯ ಮೇಲೆ ಹೊನ್ನಾವರಕ್ಕೆ ಅಥವಾ ಕೊಲ್ಲೂರಿಗೆ ಹೋಗುತ್ತಾರೆ. ಬಯಲುಸೀಮೆಯ ಕಾರಿಗೂ ನಮ್ಮ ಕಾರಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ.

ಮೊದಲು ಒಂದು ಸಣ್ಣ ಲೆಕ್ಕ. ಸಾವಿರ ಕಿಲೋ ತೂಗುವ ಕಾರು ಗಂಟೆಗೆ 60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲುವಾಗ ಬ್ರೇಕಿನಲ್ಲಿ ಹುಟ್ಟುವ ಶಾಖ ಸುಮಾರು 1.4 ಲಕ್ಷ ಜೌಲ್. ಅದೇ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ 49 ಲಕ್ಷ ಜೌಲ್. ಎಂದರೆ ಅರವತ್ತರ ವೇಗದಿಂದ ಮೂವತ್ತೈದು ಸಲ ಬ್ರೇಕ್ ಒತ್ತಿ ನಿಲ್ಲಿಸಿದಷ್ಟು. ಒಂದು ದೊಡ್ಡ ಕೊಡದ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು. ಗಾಳಿಯ ತಡೆ, ಟಯರಿನ ಎಳೆತ ಅಷ್ಟಿಷ್ಟು ಕಳೆದಾವು. ಉಳಿದದ್ದನ್ನು ಒಂದೋ ಎಂಜಿನ್ ಹೊರಬೇಕು, ಇಲ್ಲವೇ ಅಂಗೈಯಗಲದ ನಾಲ್ಕು ಬ್ರೇಕ್ ಪ್ಯಾಡುಗಳು ಹೊರಬೇಕು. ಆದುದರಿಂದ ನಮಗೆ ಬೇಕಾದ ಸುಧಾರಣೆ ಗಕ್ಕನೆ ನಿಲ್ಲಿಸುವ ಬ್ರೇಕಲ್ಲ, ಬಿಸಿಯಾದರೂ ಕೈಕೊಡದ ಬ್ರೇಕು. ಅದಕ್ಕೆ ಹೆಚ್ಚು ದುಡ್ಡು ಬೇಡ.

ಎಲ್ಲಕ್ಕಿಂತ ಮೊದಲು ಬ್ರೇಕ್ ಆಯಿಲ್. ಹೆಸರಿಗೆ ಆಯಿಲ್ ಎಂದರೂ ಇದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಎಳೆದುಕೊಳ್ಳುವುದು ಇದರ ಗುಣ. ಆಷಾಢದಲ್ಲಿ ಉಪ್ಪಿನ ಮರಿಗೆ ಒಸರುವುದನ್ನೂ, ಚೀಲದಲ್ಲಿಟ್ಟ ಚಾಲಿ ಥಂಡಿ ಹಿಡಿಯುವುದನ್ನೂ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದೇ ಅಂಕಿಗಳು 230 ಮತ್ತು 155. ಘಾಟಿಯ ನಡುವೆ ಆಯಿಲ್ ಕುದಿದು ಆವಿಯಾಯಿತೆನ್ನಿ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲು ಸೀದಾ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಎಲ್ಲವೂ ಮೊದಲಿನಂತೆಯೇ ಇರುತ್ತದೆ. ಗ್ಯಾರೇಜಿನವರಿಗೂ ದೋಷ ಕಾಣುವುದಿಲ್ಲ. "ಬ್ರೇಕ್ ಇದ್ದಕ್ಕಿದ್ದಂತೆ ಹೋಯಿತು" ಎಂದು ನಾವು ಕೇಳುವ ಕಥೆಗಳಲ್ಲಿ ಹಲವಕ್ಕೆ ಕಾರಣ ಇದೇ ಇರಬೇಕೆಂದು ನನ್ನ ಅನಿಸಿಕೆ.

ಹೆಚ್ಚಿನ ಕಾರು ತಯಾರಕರು ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎನ್ನುತ್ತಾರೆ. ನಮ್ಮ ಮಳೆಗೆ ಅದು ಸಾಲದು. ಮಳೆಗಾಲ ಮುಗಿದ ಮೇಲೆ, ಕೊಯ್ಲಿನ ಓಡಾಟ ಆರಂಭವಾಗುವ ಮುನ್ನ, ವರ್ಷಕ್ಕೊಮ್ಮೆ ಬದಲಿಸುವುದು ಲೇಸು. ಡಾಟ್ 3 ಇರುವ ಕಾರಿಗೆ ಡಾಟ್ 4 ಹಾಕಬಹುದು. ಇದು ಒಂದೆರಡು ಕಿಲೋ ರಾಶಿ ಅಡಿಕೆಯ ದುಡ್ಡಿನಲ್ಲಿ ಆಗುವ ಸುಧಾರಣೆ. ಇದಕ್ಕಿಂತ ಹೆಚ್ಚು ಫಲ ಕೊಡುವ ಬೇರೊಂದು ನನಗೆ ಕಾಣದು. ಆದರೆ ಡಬ್ಬಿಯ ಮೇಲೆ ಬರೀ ಡಾಟ್ 5 ಎಂದಿದ್ದರೆ ಅದು ಸಿಲಿಕೋನ್ ಜಾತಿ, ಇದರೊಂದಿಗೆ ಬೆರೆಸಕೂಡದು. ಮೇಲಿನ ಡಬ್ಬಿಗೆ ಒಂದಿಷ್ಟು ಸುರಿದು ಮಟ್ಟ ಸರಿಮಾಡಿದರೆ ಬದಲಿಸಿದಂತಾಗಲಿಲ್ಲ. ನಾಲ್ಕು ಚಕ್ರಗಳಲ್ಲೂ ನಿಪ್ಪಲ್ ಸಡಿಲಿಸಿ ಹಳೆಯದನ್ನೆಲ್ಲ ಹೊರಹಾಕಿ, ಗಾಳಿ ತೆಗೆಸಬೇಕು. ಹೋದ ವರ್ಷ ಅರ್ಧ ಬಳಸಿ ಅಟ್ಟದಲ್ಲಿಟ್ಟ ಬಾಟಲಿಯನ್ನು ಮರೆತುಬಿಡಿ. ಎಂಜಿನ್ ಆಯಿಲನ್ನಂತೂ ತೊಟ್ಟೂ ಹಾಕಬೇಡಿ, ಅದು ಒಳಗಿನ ರಬ್ಬರ್ ವಾಷರುಗಳನ್ನು ಉಬ್ಬಿಸಿ ಹಾಳುಮಾಡುತ್ತದೆ.

ಎರಡನೆಯದು ಪ್ಯಾಡು ಮತ್ತು ಲೈನರು. ಅಗ್ಗದ ನಕಲಿ ಪ್ಯಾಡು ಪೇಟೆಯ ಓಡಾಟದಲ್ಲಿ ಚೆನ್ನಾಗಿಯೇ ಹಿಡಿಯುತ್ತದೆ. ಅದರ ಬಂಡವಾಳ ಬಯಲಾಗುವುದು ಏಳೆಂಟನೆಯ ತಿರುವಿನಲ್ಲಿ, ಸುಟ್ಟ ವಾಸನೆ ಬಂದು ಪೆಡಲು ಕಲ್ಲಿನಂತಾದರೂ ಕಾರು ಜಾರುತ್ತಲೇ ಇರುವಾಗ. ತಯಾರಕರ ಪ್ಯಾಡನ್ನೋ, ಅವರಿಗೆ ಪೂರೈಸುವ ಕಂಪೆನಿಯದನ್ನೋ ಹಾಕಿಸಿ. ಪಂದ್ಯದ ಕಾರುಗಳಿಗೆಂದು ಮಾರುವ ಪ್ಯಾಡು ನಮಗಲ್ಲ, ಅದು ಬಿಸಿಯೇರದೆ ಹಿಡಿಯುವುದೇ ಇಲ್ಲ. ಹೊಸ ಪ್ಯಾಡು ಡಿಸ್ಕಿಗೆ ಕೂಡಿಕೊಳ್ಳಲು ಇನ್ನೂರು ಮುನ್ನೂರು ಕಿ.ಮೀ. ಹದವಾದ ಓಡಾಟ ಬೇಕು. ಹಾಕಿಸಿದ ಮಾರನೇ ದಿನವೇ ಸಂಸಾರ ಸಮೇತ ಘಟ್ಟ ಇಳಿಯುವುದು ಬೇಡ.

ಪ್ಯಾಡು ಬದಲಿಸುವಾಗ ಕ್ಯಾಲಿಪರಿನ ಪಿನ್ನುಗಳನ್ನು ಎಳೆದು, ತುಕ್ಕು ಒರೆಸಿ, ಅದಕ್ಕೆಂದೇ ಇರುವ ಗ್ರೀಸ್ ಸವರಲು ಹೇಳಿ. ತೋಟದ ದಾರಿಯ ಕೆಸರು, ಜಂಬಿಟ್ಟಿಗೆ ಪುಡಿ ಸೇರಿ ಈ ಪಿನ್ನುಗಳು ಜಾಮ್ ಆಗುವುದು ನಮ್ಮಲ್ಲಿ ಬಹಳ. ಆಗ ಒಂದು ಕಡೆಯ ಪ್ಯಾಡು ಸವೆದು, ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಹಿಂದಿನ ಡ್ರಮ್ಮನ್ನೂ ವರ್ಷಕ್ಕೊಮ್ಮೆ ಬಿಚ್ಚಿಸಿ ಧೂಳು ತೆಗೆಸಿ, ಲೈನರ್ ಅಂತರ ಸರಿಮಾಡಿಸಬೇಕು. ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ. ಅದಕ್ಕಿಂತ ತೆಳುವಾದರೆ ಲೇತಿಗೆ ಕೊಡದೆ ಬದಲಿಸುವುದೇ ಸರಿ.

ರಬ್ಬರ್ ಹೋಸುಗಳು ಹತ್ತು ವರ್ಷ ದಾಟಿದರೆ ಒಳಗೊಳಗೇ ಉಬ್ಬುತ್ತವೆ. ಹೊಸ ರಬ್ಬರ್ ಹೋಸು ಹಾಕಿಸಿದರೂ ಸಾಕು. ಉಕ್ಕಿನ ಜಾಲರಿ ಹೊದಿಸಿದ ಹೋಸಿನಿಂದ ಪೆಡಲು ಗಟ್ಟಿಯಾಗಿ ಸಿಗುತ್ತದೆ, ಕಾಲಿಗೆ ಭರವಸೆ ಬರುತ್ತದೆ. ಅದರಿಂದಲೇ ಕಾರು ಬೇಗ ನಿಲ್ಲುತ್ತದೆಂದು ಹೇಳುವವರ ಮಾತು ಪೂರ್ತಿ ನಿಜವಲ್ಲ.

ದೊಡ್ಡ ಡಿಸ್ಕು ಹಾಕಿಸುವ, ಹಿಂದಿನ ಡ್ರಮ್ಮನ್ನು ಡಿಸ್ಕಾಗಿ ಮಾಡಿಸುವ ಹುಮ್ಮಸ್ಸು ಹುಡುಗರಲ್ಲಿ ಕಾಣುತ್ತದೆ. ಬ್ರೇಕ್ ಹಾಕಿದಾಗ, ಅದರಲ್ಲೂ ಇಳಿಜಾರಿನಲ್ಲಿ, ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದು. ಹಿಂದೆ ಅತಿಯಾಗಿ ಹಿಡಿದರೆ ಒದ್ದೆ ರಸ್ತೆಯಲ್ಲಿ ಕಾರಿನ ಹಿಂಭಾಗವೇ ಮುಂದೆ ಬಂದೀತು. ಮೇಲಾಗಿ ನೋಂದಣಿಯಲ್ಲಿರುವುದಕ್ಕಿಂತ ಭಿನ್ನವಾಗಿ ಗಾಡಿಯನ್ನು ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ನಿರ್ಬಂಧವಿದೆ. ವಿಮೆಯ ಹಣ ಕೇಳುವಾಗ ತಕರಾರು ಬರಬಹುದು.

ಪಿಕಪ್ ಇಟ್ಟುಕೊಂಡವರು ಒಂದು ವಿಷಯ ಗಮನಿಸಬೇಕು. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿನ ಹತ್ತಿರ ಒಂದು ವಾಲ್ವ್ ಇರುತ್ತದೆ. ಹೇರು ಹೆಚ್ಚಾಗಿ ಗಾಡಿ ಕುಸಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಹೆಚ್ಚು ಚೀಲ ಹೇರಲೆಂದು ನಾವು ಹೆಚ್ಚುವರಿ ಪಟ್ಟಿ ಹಾಕಿಸುತ್ತೇವೆ. ಆಗ ಗಾಡಿ ಕುಸಿಯುವುದಿಲ್ಲ, ವಾಲ್ವ್ ಗಾಡಿ ಖಾಲಿ ಇದೆಯೆಂದೇ ತಿಳಿಯುತ್ತದೆ, ತುಂಬಿದ ಗಾಡಿಗೆ ಖಾಲಿ ಗಾಡಿಯ ಬ್ರೇಕು ಸಿಗುತ್ತದೆ! ಪಟ್ಟಿ ಹಾಕಿಸಿದವರು ಈ ವಾಲ್ವನ್ನು ಬಲ್ಲ ಮೆಕ್ಯಾನಿಕ್‌ನಿಂದ ಮತ್ತೆ ಹೊಂದಿಸಿಕೊಳ್ಳುವುದು ಅವಶ್ಯ. ಹೇರು ಕಡಿಮೆ ಮಾಡುವುದು ಇನ್ನೂ ಉತ್ತಮ, ಆದರೆ ಅದನ್ನು ಹೇಳಿದರೆ ಕೇಳುವವರು ಯಾರು?

ಇನ್ನು ಬಿಡಿಭಾಗವೇ ಬೇಡದ ಸುಧಾರಣೆ. ಪೆಟ್ರೋಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ, ಎಂಜಿನ್ನನ್ನೇ ಆರಿಸುವ ಅಭ್ಯಾಸ ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಕಾರ್ಬುರೇಟರಿನ ಕಾಲದಲ್ಲಿ ನಾಲ್ಕು ಕಾಸು ಉಳಿದಿದ್ದರೂ ಉಳಿದಿರಬಹುದು. ಇಂಜೆಕ್ಷನ್ ಇರುವ ಇಂದಿನ ಕಾರಿನಲ್ಲಿ ಗೇರಿನಲ್ಲೇ ಇಟ್ಟು ಆಕ್ಸಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಇಂಧನ ಹರಿಯುವುದೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ತಾನು ಬದುಕಲು ಕುಡಿಯುತ್ತಲೇ ಇರುತ್ತದೆ. ಹಾಗಾಗಿ ಲಾಭದ ಲೆಕ್ಕವೂ ಉಲ್ಟಾ. ಎಂಜಿನ್ ಆರಿಸಿದರಂತೂ ಬ್ರೇಕಿಗೆ ಬಲ ಕೊಡುವ ಬೂಸ್ಟರು ಎರಡು ಮೂರು ಒತ್ತಿಗೆ ಖಾಲಿಯಾಗುತ್ತದೆ, ಬಳಿಕ ಎರಡೂ ಕಾಲಿನಿಂದ ತುಳಿದರೂ ಪೆಡಲು ಗಟ್ಟಿ. ಪವರ್ ಸ್ಟಿಯರಿಂಗೂ ಭಾರವಾಗುತ್ತದೆ. ಘಾಟಿಯ ತಲೆಯಲ್ಲೇ ಎರಡನೇ ಗೇರಿಗೆ ಬನ್ನಿ. ಪೆಡಲಿನ ಮೇಲೆ ಕಾಲು ಇಟ್ಟೇ ಇರಬೇಡಿ. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟು ಬ್ರೇಕಿಗೆ ಗಾಳಿಯಾಡಲು ಬಿಡಿ. ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ತಾನೇ ಆರಲಿ. ಕಾದ ಡಿಸ್ಕಿಗೆ ನೀರು ಎರಚಿದರೆ ಅದು ಸೊಟ್ಟಗಾದೀತು.

ಬ್ರೇಕು ಚಕ್ರವನ್ನು ಮಾತ್ರ ಹಿಡಿಯುತ್ತದೆ, ರಸ್ತೆಯನ್ನು ಹಿಡಿಯುವುದು ಟಯರು. ಅದರ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗಿನ ನಾಲ್ಕಂಕಿ ನೋಡಿ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಕಡಿಮೆ ಓಡುವ ನಮ್ಮ ಕಾರುಗಳಲ್ಲಿ ಗೆರೆ ಸವೆಯುವ ಮುನ್ನ ರಬ್ಬರೇ ಗಟ್ಟಿಯಾಗಿ, ಪಾಚಿ ಕಟ್ಟಿದ ರಸ್ತೆಯಲ್ಲಿ ಜಾರುತ್ತದೆ. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ; ಅದು ಚಕ್ರ ಕಚ್ಚದಂತೆ ನೋಡಿಕೊಳ್ಳುತ್ತದೆಯೇ ಹೊರತು ಬೋಳು ಟಯರಿಗೆ ಹಿಡಿತ ತಂದುಕೊಡಲಾರದು.

ಮಳೆಗಾಲದಲ್ಲಿ ವಾರಗಟ್ಟಲೆ ಕಾರು ನಿಲ್ಲಿಸುವವರು ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಲೈನರು ಡ್ರಮ್ಮಿಗೆ ಕಚ್ಚುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹಳ್ಳ ದಾಟಿದ ಮೇಲೆ ಸ್ವಲ್ಪ ದೂರ ಪೆಡಲನ್ನು ಹಗುರಾಗಿ ಒತ್ತಿಕೊಂಡು ಹೋದರೆ ಒದ್ದೆಯಾದ ಡ್ರಮ್ಮು ಒಣಗುತ್ತದೆ. ಬ್ರೇಕಿನ ಯಾವ ಕೆಲಸ ಮಾಡಿಸಿದರೂ ಗ್ಯಾರೇಜಿನಿಂದ ಹೊರಡುವ ಮೊದಲು ಎಂಜಿನ್ ಚಾಲೂ ಇಟ್ಟು ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ವಾಷರ್ ಹೋಗಿದೆ. ಅದನ್ನು ಸರಿಪಡಿಸುವವರೆಗೆ ಕಾರನ್ನು ಅಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬನ್ನಿ.