ಮೋಟಾರುಗಳ ಹಣೆಬರಹ

ಮನುಷ್ಯರ ಹಣೆಬರಹವನ್ನು ಓದಬಲ್ಲೆವೆಂದು ಹೇಳಿಕೊಳ್ಳುವವರು ಉಂಟು. ಓದಿ ನಿಜ ಹೇಳಿದವರು ಅಪರೂಪ. ಮೋಟಾರುಗಳ ಹಣೆಬರಹ ಹಾಗಲ್ಲ. ದಾರಿಹೋಕನೂ ಓದಲಿ ಎಂದೇ ಅದನ್ನು ಹಿಂದೆ ಮುಂದೆ ಎರಡು ಕಡೆಯೂ ಬರೆದಿರುತ್ತಾರೆ. ಆದರೂ ದಿನಕ್ಕೆ ನೂರಾರು ನಂಬರು ಹಲಗೆಗಳನ್ನು ನೋಡುವ ನಾವು, ಅದರಲ್ಲಿ ಬರೆದಿರುವುದೇನು ಎಂದು ಕೇಳಿಕೊಳ್ಳುವುದಿಲ್ಲ. 1984ರ ಒಂದು ಸಂಜೆಯವರೆಗೆ ನಾನೂ ಕೇಳಿಕೊಂಡಿರಲಿಲ್ಲ.

ಆ ಸಂಜೆ ತುಮಕೂರು-ಶಿರಾ ಹೆದ್ದಾರಿಯಲ್ಲಿ ಸೈಕಲ್ ಮೇಲೆ ಊರಿಗೆ ಮರಳುತ್ತಿದ್ದ ನಮ್ಮ ಭಾವನವರಿಗೆ ಒಂದು ಲಾರಿ ಬಡಿದು, ನಿಲ್ಲದೆ ಹೊರಟುಹೋಯಿತು. ಕಂಡವರೆಂದರೆ ರಸ್ತೆಯ ಅಂಚಿನಲ್ಲಿ ಕಡ್ಲೆಪುರಿ ಮಾರುತ್ತಿದ್ದ ಒಬ್ಬ ಅಜ್ಜಿ ಮಾತ್ರ. ಮರುದಿನ ನಾನು ಹೋಗಿ ಕೇಳಿದಾಗ ಆಕೆ ತಡವರಿಸದೆ ನಾಲ್ಕು ಅಂಕಿಗಳನ್ನು ಹೇಳಿದಳು. "ಅಂಕಿ ಮರೆಯಾಕಿಲ್ಲ ಕಣಪ್ಪ, ದಿನಾ ದುಡ್ಡು ಎಣಿಸೋಳು ನಾನು. ಮುಂದ್ಲ ಮೂರು ಅಕ್ಸರ ಇಂಗ್ಲೀಸು. ಅದು ನನಗೆ ಬರಾಕಿಲ್ಲ" ಎಂದಳು. ಭಾವನವರು ಬದುಕಿಕೊಂಡರು, ಬಲಗಾಲು ಮಾತ್ರ ಮೊದಲಿನಂತಾಗಲಿಲ್ಲ. ಲಾರಿ ಸಿಗಲಿಲ್ಲ. ನಾಲ್ಕು ಅಂಕಿಗಳಿದ್ದೂ ಅದೇಕೆ ಸಿಗಲಿಲ್ಲವೆಂಬ ಪ್ರಶ್ನೆಯೇ ನನ್ನನ್ನು ಈ ವಿಷಯಕ್ಕೆ ಎಳೆತಂದಿತು.

ಉತ್ತರ ಅಂದಿನ ಪದ್ಧತಿಯಲ್ಲಿಯೇ ಇತ್ತು. 1939ರ ಮೋಟಾರು ವಾಹನಗಳ ಕಾಯಿದೆ ದೇಶದ ಒಂದೊಂದು ಪ್ರಾಂತಕ್ಕೂ ಇಂಗ್ಲಿಷಿನ ಎರಡೆರಡು ಅಕ್ಷರಗಳ ಜೋಡಿಗಳನ್ನು ಹಂಚಿಕೊಟ್ಟಿತು. ಮುಂಬಯಿ ಪ್ರಾಂತಕ್ಕೆ ಬಿ.ಎಂ., ಬಿ.ವೈ. ಮೊದಲಾದವು, ಮದರಾಸಿಗೆ ಎಂ.ಡಿ., ಎಂ.ಎಸ್.; ಮೈಸೂರಿಗೆ ಎಂ.ವೈ. ಈ ಜೋಡಿಯ ಮುಂದೆ ಸರಣಿಯನ್ನು ಸೂಚಿಸುವ ಮೂರನೆಯ ಅಕ್ಷರ, ಅದರ ಮುಂದೆ ಹೆಚ್ಚೆಂದರೆ ನಾಲ್ಕು ಅಂಕಿ. ಒಂದು ಸರಣಿಯಲ್ಲಿ 9999 ವಾಹನಗಳಿಗೆ ಜಾಗ. ಇಪ್ಪತ್ತಾರು ಅಕ್ಷರಗಳನ್ನೂ ಬಳಸಿದರೆ ಒಂದು ಜೋಡಿಯಿಂದ ಹುಟ್ಟುವ ನಂಬರುಗಳು ಎರಡು ಲಕ್ಷ ಅರವತ್ತು ಸಾವಿರಕ್ಕೆ ಇಪ್ಪತ್ತಾರು ಕಡಮೆ. ವಾಹನಗಳು ಹೆಚ್ಚಿದಂತೆ ಎಂ.ವೈ. ಸಾಲದೆ ಬಂತು; ನಮ್ಮ ರಾಜ್ಯದ ರಸ್ತೆಗಳಲ್ಲಿ ಎಂ.ಇ., ಸಿ.ಎ. ಮೊದಲಾದ ಜೋಡಿಗಳೂ ಕಾಣಿಸಿಕೊಂಡವು.

ಈಗ ಅಜ್ಜಿಯ ನಾಲ್ಕು ಅಂಕಿಗಳನ್ನು ನೋಡೋಣ. ಅವೇ ಅಂಕಿಗಳು ಪ್ರತಿಯೊಂದು ಸರಣಿಯಲ್ಲಿಯೂ ಒಮ್ಮೆ ಬರುತ್ತವೆ. ಮೇಲೆ ಹೇಳಿದ ಮೂರೇ ಜೋಡಿಗಳನ್ನು ಹಿಡಿದರೂ ಆ ನಂಬರಿನ ವಾಹನಗಳು ಎಪ್ಪತ್ತೆಂಟರವರೆಗೆ ಇರಬಹುದು. ಹೊರರಾಜ್ಯದ ಲಾರಿಯಾಗಿದ್ದರೆ ಲೆಕ್ಕವೇ ಇಲ್ಲ. ಅಜ್ಜಿ ಓದಿದ್ದು ಹೆಸರಿನ ಉತ್ತರಾರ್ಧವನ್ನು. ಪೂರ್ವಾರ್ಧ ಆಕೆಗೆ ತಿಳಿಯದ ಲಿಪಿಯಲ್ಲಿತ್ತು.

ಆ ಪದ್ಧತಿಗೆ ಇನ್ನೊಂದು ಕೊರತೆಯೂ ಇತ್ತು. ಮೂರು ಅಕ್ಷರಗಳನ್ನು ಓದಬಲ್ಲವನಿಗೂ ವಾಹನ ಯಾವ ಊರಿನದೆಂದು ತಿಳಿಯುತ್ತಿರಲಿಲ್ಲ. ಯಾವ ಸರಣಿ ಯಾವ ಕಚೇರಿಯದೆಂಬುದು ಕಂಠಪಾಠವಾಗಿರಬೇಕಾಗಿತ್ತು. ನಾಡಿನ ಹೆಸರಿನ ಮಾತಂತೂ ಬೇರೆಯೇ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಕಚೇರಿಗಳ ಬೋರ್ಡುಗಳು ಬದಲಾದವು, ಮೊಹರುಗಳು ಬದಲಾದವು. ಆದರೆ ವಾಹನಕ್ಕೆ ಒಮ್ಮೆ ಕೊಟ್ಟ ನಂಬರು ಅದರ ಆಯುಷ್ಯವಿರುವತನಕ ಇರುವಂಥದು. ಹೀಗಾಗಿ ಎಷ್ಟೋ ವರ್ಷಗಳ ಕಾಲ ಎಂ.ವೈ. ಎಂದು ಹಣೆಯ ಮೇಲೆ ಬರೆಸಿಕೊಂಡ ಬಸ್ಸುಗಳು ಕರ್ನಾಟಕದಲ್ಲಿ ಓಡಾಡಿದವು.

ಈ ಗೊಂದಲವನ್ನು ತಿದ್ದಿದ್ದು 1988ರ ಹೊಸ ಕಾಯಿದೆ. 1989ರ ಜುಲೈ 1ರಿಂದ ಅದು ಜಾರಿಗೆ ಬಂದ ಮೇಲೆ ರಾಜ್ಯಕ್ಕೆ ಒಂದೇ ಜೋಡಿ ಅಕ್ಷರ ಗೊತ್ತಾಯಿತು. ನಮ್ಮದು ಕೆ.ಎ. ಅದರ ಮುಂದೆ ನೋಂದಣಿ ಕಚೇರಿಯ ಎರಡಂಕಿಯ ಸಂಖ್ಯೆ, ಆಮೇಲೆ ಸರಣಿಯ ಅಕ್ಷರ, ಕೊನೆಗೆ ನಾಲ್ಕು ಅಂಕಿ. ನಾಡಿನ ಹೆಸರು ಬದಲಾಗಿ ಹದಿನಾರು ವರ್ಷಗಳು ಸಮೀಪಿಸಿದಾಗ ಅದರ ಸುಳಿವು ನಂಬರು ಹಲಗೆಗೂ ಬಂತೆಂದಾಯಿತು. ಸರಣಿಯ ಅಕ್ಷರವೂ ಮಾತನಾಡತೊಡಗಿತು: ಎಫ್ ಎಂದರೆ ಸರ್ಕಾರಿ ಸಾರಿಗೆಯ ಬಸ್ಸು, ಜಿ ಎಂದರೆ ಸರ್ಕಾರದ ವಾಹನ.

ಆದರೆ ನನ್ನನ್ನು ಬಹುವಾಗಿ ಹಿಡಿದು ನಿಲ್ಲಿಸಿದ್ದು ಆ ಎರಡಂಕಿಯ ಸಂಖ್ಯೆ. ಅದನ್ನು ಕ್ರಮವಾಗಿ ಓದುತ್ತ ಹೋಗಿ. ಮೊದಲ ಐದು ಬೆಂಗಳೂರು ನಗರದವು. 6 ತುಮಕೂರು, 7 ಕೋಲಾರ, 9 ಮೈಸೂರು, 11 ಮಂಡ್ಯ, 13 ಹಾಸನ, 14 ಶಿವಮೊಗ್ಗ. ನಡುವೆ 12ರಲ್ಲಿ ಕೊಡಗಿನ ಮಡಿಕೇರಿ. 18ರ ಚಿಕ್ಕಮಗಳೂರಿಗೆ ಹಳೆಯ ಮೈಸೂರು ಸೀಮೆ ಮುಗಿಯುತ್ತದೆ. 19ರಿಂದ 21ರವರೆಗೆ ಮಂಗಳೂರು, ಉಡುಪಿ, ಪುತ್ತೂರು. ಇದು ಮದರಾಸಿನಿಂದ ಬಂದ ಸೀಮೆ. 22ರ ಬೆಳಗಾವಿಯಿಂದ 31ರ ಶಿರಸಿಯವರೆಗಿನದು ಮುಂಬಯಿ ಪ್ರಾಂತದಿಂದ ಬಂದದ್ದು. 32ರ ಕಲಬುರಗಿಯಿಂದ 39ರ ಭಾಲ್ಕಿಯವರೆಗೆ, ಬಳ್ಳಾರಿ-ಹೊಸಪೇಟೆಗಳನ್ನು ಬಿಟ್ಟರೆ, ನಿಜಾಮರ ಹೈದರಾಬಾದಿನಿಂದ ಬಂದದ್ದು. 1956ರಲ್ಲಿ ಕೂಡಿಬಂದ ನಾಡಿನ ತುಂಡುಗಳು ಒಂದರ ಪಕ್ಕ ಒಂದು ಹೊಲಿಗೆ ಕಾಣುವಂತೆ ಕುಳಿತಿವೆ. ಇತಿಹಾಸ ಬರೆಯುವ ಉದ್ದೇಶ ಯಾರಿಗೂ ಇದ್ದಿರಲಾರದು. ಆಡಳಿತದ ವಿಭಾಗಗಳ ಕ್ರಮದಲ್ಲಿ ಸಂಖ್ಯೆ ಹಾಕಿದರೆ ಇತಿಹಾಸ ತಾನಾಗಿಯೇ ಬಂದು ಕುಳಿತುಕೊಂಡಿತು.

ಇನ್ನೂ ಒಂದು ಸ್ವಾರಸ್ಯವಿದೆ. 1997ರಲ್ಲಿ ಏಳು ಹೊಸ ಜಿಲ್ಲೆಗಳು ಹುಟ್ಟಿದವು. ಅವುಗಳ ಸಂಖ್ಯೆಗಳನ್ನು ನೋಡಿ: ಮೈಸೂರು 9, ಚಾಮರಾಜನಗರ 10, ಚಿತ್ರದುರ್ಗ 16, ದಾವಣಗೆರೆ 17, ಮಂಗಳೂರು 19, ಉಡುಪಿ 20, ಧಾರವಾಡ 25, ಗದಗ 26, ಹಾವೇರಿ 27, ವಿಜಯಪುರ 28, ಬಾಗಲಕೋಟೆ 29, ರಾಯಚೂರು 36, ಕೊಪ್ಪಳ 37. ಬೇರೆ ಮನೆ ಮಾಡಿದ ಮಕ್ಕಳೆಲ್ಲ ತಾಯಿಯ ಮಗ್ಗುಲಿನಲ್ಲಿಯೇ ಇದ್ದಾರೆ. 2009ರಲ್ಲಿ ಜಿಲ್ಲೆಯಾದ ಯಾದಗಿರಿಯೂ (33) ಕಲಬುರಗಿಯ ಪಕ್ಕ. 2021ರಲ್ಲಿ ವಿಜಯನಗರ ಜಿಲ್ಲೆಗೆ ಕೇಂದ್ರವಾದ ಹೊಸಪೇಟೆಯೂ (35) ಬಳ್ಳಾರಿಯ ಪಕ್ಕ. 40ರಿಂದ ಆಚೆಗೆ ಈ ಕ್ರಮ ಕದಡುತ್ತದೆ. 40 ಚಿಕ್ಕಬಳ್ಳಾಪುರ, 47 ಹೊನ್ನಾವರ, 48 ಜಮಖಂಡಿ, 51 ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ; ಹಳೆಯ ಊರಿನ ಹೊರಗೆ ಬೇಕಾದಾಗ ಬೇಕಾದಲ್ಲಿ ಕಟ್ಟಿಕೊಂಡ ಬಡಾವಣೆಗಳ ಹಾಗೆ.

ಎರಡು ಅಕ್ಷರಗಳಿಗೆ ಇಷ್ಟು ಬೆಲೆಯೇ ಎನ್ನಬೇಡಿ. ಉತ್ತರಾಂಚಲ 2007ರಲ್ಲಿ ಉತ್ತರಾಖಂಡವಾದಾಗ ಯು.ಎ. ಹೋಗಿ ಯು.ಕೆ. ಬಂತು. ಒರಿಸ್ಸಾ ಒಡಿಶಾ ಆದಮೇಲೆ ಒ.ಆರ್. ಹೋಗಿ ಒ.ಡಿ. ಬಂತು. ತೆಲಂಗಾಣ 2014ರಲ್ಲಿ ಟಿ.ಎಸ್. ಎಂದು ಆರಂಭಿಸಿ, 2024ರಲ್ಲಿ ಟಿ.ಜಿ. ಎಂದು ಬದಲಿಸಿಕೊಂಡಿತು. ಜನ ತಮ್ಮ ನಾಡಿನ ಹೆಸರನ್ನು ತಗಡಿನ ಮೇಲೂ ಸರಿಯಾಗಿ ಕಾಣಬಯಸುತ್ತಾರೆ.

ಹಲಗೆಯ ರೂಪವೂ ಬದಲಾಗಿದೆ. ನನ್ನ ಹರೆಯದಲ್ಲಿ ಸ್ವಂತ ವಾಹನದ ಹಲಗೆ ಕಪ್ಪು, ಅದರ ಮೇಲೆ ಬಿಳಿಯ ಬರಹ. ಪೇಂಟರನೊಬ್ಬ ಮರದ ಕೆಳಗೆ ಕುಳಿತು, ಉಸಿರು ಬಿಗಿಹಿಡಿದು, ಕುಂಚದಿಂದ ಬರೆಯುತ್ತಿದ್ದ. ಒಬ್ಬನ ಎಂಟು ಇನ್ನೊಬ್ಬನ ಎಂಟಿನಂತೆ ಇರುತ್ತಿರಲಿಲ್ಲ. ಈ ಶತಮಾನದ ಆರಂಭದ ವರ್ಷಗಳಲ್ಲಿ ಬಿಳಿಯ ಹಲಗೆ, ಕಪ್ಪು ಬರಹ ಬಂತು. 2018ರಿಂದ ವಿದ್ಯುತ್ ವಾಹನಗಳಿಗೆ ಹಸಿರು ಹಲಗೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆಲ್ಲ ಅತಿ ಸುರಕ್ಷಿತ ಫಲಕ ಕಡ್ಡಾಯವಾಯಿತು: ಅಲ್ಯೂಮಿನಿಯಮ್ಮಿನ ತಗಡು, ಉಬ್ಬಕ್ಷರ, ಮೂಲೆಯಲ್ಲಿ ಅಶೋಕಚಕ್ರದ ಮುದ್ರೆ, ಲೇಸರಿನಿಂದ ಕೊರೆದ ಗುಟ್ಟಿನ ಸಂಖ್ಯೆ, ಒಮ್ಮೆ ಕೂಡಿಸಿದರೆ ಮುರಿಯದೆ ಬಿಚ್ಚಲಾಗದ ಬೀಗ. 2023ರಲ್ಲಿ ನಮ್ಮ ರಾಜ್ಯದ ಹಳೆಯ ವಾಹನಗಳಿಗೂ ಆ ನಿಯಮ ಬಂದಾಗ, ನನ್ನ ಸ್ಕೂಟರಿನ ಕೈಬರಹದ ಹಲಗೆಯೂ ಇಳಿಯಿತು. ಪೇಂಟರನನ್ನು ನೆನೆದು ಮನಸ್ಸು ಮುದುಡಿತು, ನಿಜ. ಆದರೆ ಭಾವನವರ ಕಾಲನ್ನು ನೆನೆದಾಗ, ಯಾರೂ ತಿದ್ದಲಾಗದ, ಇರುಳಿನಲ್ಲಿಯೂ ಹೊಳೆಯುವ ಆ ತಗಡನ್ನು ಬೇಡವೆನ್ನಲು ಬಾಯಿ ಬರಲಿಲ್ಲ.

2021ರಲ್ಲಿ ಬಿ.ಎಚ್. ಎಂಬ ಸರಣಿಯೊಂದು ಬಂದಿದೆ. ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವ ನೌಕರರಿಗೆ ಮತ್ತೆ ಮತ್ತೆ ನೋಂದಾಯಿಸುವ ತೊಂದರೆ ಇದರಿಂದ ತಪ್ಪುತ್ತದೆ, ಉಪಕಾರವೇ ಸರಿ. ಅದರಲ್ಲಿ ವಾಹನ ನೋಂದಣಿಯಾದ ವರ್ಷವಿದೆ, ಭಾರತವಿದೆ, ಊರಿಲ್ಲ.

ಆದರೆ ಅಜ್ಜಿಯ ಪ್ರಶ್ನೆಗೆ ಈ ಯಾವ ಸುಧಾರಣೆಯೂ ಉತ್ತರ ಕೊಟ್ಟಿಲ್ಲ. ಅಕ್ಷರಗಳು ಇಂಗ್ಲಿಷಿನಲ್ಲಿಯೇ ಇರತಕ್ಕದ್ದೆಂದು 1989ರ ಕೇಂದ್ರದ ನಿಯಮ ಹೇಳುತ್ತದೆ. ಹಲವು ಲಿಪಿಗಳ ದೇಶದಲ್ಲಿ ಎಲ್ಲ ಕಡೆಯ ಪೋಲೀಸರೂ ಓದಬಲ್ಲ ಒಂದು ಲಿಪಿ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಅದರ ಜೊತೆಗೆ ನೆಲದ ಲಿಪಿಗೂ ಜಾಗ ಕೊಡಬಾರದೆ? ನಮ್ಮ ಕರಾವಳಿಯ ಎಷ್ಟೋ ಜನ ದುಡಿಯುವ ಸೌದಿ ಅರೇಬಿಯದಲ್ಲಿ ಒಂದೇ ಹಲಗೆಯ ಮೇಲೆ ಅರಬ್ಬೀ ಬರಹವೂ ರೋಮನ್ ಬರಹವೂ ಜೊತೆಜೊತೆಯಾಗಿವೆ. ಅಲ್ಲಿ ಆಗುವುದು ಇಲ್ಲಿ ಆಗದೆನ್ನಲು ನನಗೆ ಕಾರಣ ತೋರುವುದಿಲ್ಲ.

ನಂಬರು ಹಲಗೆ ಒಡೆಯನ ಅಂದಕ್ಕಾಗಿ ಇರುವುದಲ್ಲ. ರಸ್ತೆಯ ಅಂಚಿನಲ್ಲಿ ನಿಂತವರಿಗಾಗಿ ಇರುವುದು. ಹಾಗೆ ನಿಂತವರು ಅಂದು ಕಡ್ಲೆಪುರಿಯ ಅಜ್ಜಿಯಾಗಿದ್ದರು. ಆಕೆ ಓದಬಲ್ಲದ್ದನ್ನೆಲ್ಲ ಓದಿ, ಮರೆಯದೆ ಹೇಳಿದಳು. ಉಳಿದದ್ದನ್ನು ಆಕೆಗೆ ತಿಳಿಯುವಂತೆ ನಾವು ಬರೆದಿರಲಿಲ್ಲ.