ಉಬ್ಬಸದ ಉರಿಯೂತವೂ ಮಾಂಟೆಲುಕಾಸ್ಟ್ ಮಾತ್ರೆಯೂ

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಭತ್ತದ ಒಕ್ಕಣೆ ಹಾಗೂ ಮೆಕ್ಕೆಜೋಳದ ಕೊಯಿಲು ಆರಂಭವಾಯಿತೆಂದರೆ ಕಣದಿಂದೆದ್ದ ಧೂಳು ಮನೆಯೊಳಗೂ ತುಂಬುವುದು. ಮಳೆಗಾಲದಲ್ಲಾದರೋ ಗೋಡೆಯ ತೇವ, ಹಾಸಿಗೆಯ ಬೂಷ್ಟು, ಹಸಿ ಸೌದೆಯ ಹೊಗೆ. ಉಬ್ಬಸವುಳ್ಳವರ ಶ್ವಾಸನಾಳಗಳು ಇವನ್ನು ಸಹಿಸಲಾರವು. ‘ದಮ್ಮು ಕಟ್ಟಿತು’ ಎಂಬ ಮಾತಿನಲ್ಲಿ ನಾಳವು ಬಿಗಿಯುವುದಷ್ಟೇ ಸೂಚಿತವಾಗುತ್ತದೆ. ಆದರೆ ಅದರ ಹಿಂದಿರುವುದು ನಾಳದ ಒಳಪೊರೆಯ ಉರಿಯೂತ. ರೋಗಿಯು ಸುಖವಾಗಿರುವ ದಿನಗಳಲ್ಲಿಯೂ ಅದು ಒಳಗೊಳಗೇ ಉಳಿದಿರಬಹುದು.

ಧೂಳು ತಗುಲಿದೊಡನೆ ಒಳಪೊರೆಯಲ್ಲಿರುವ ಕೆಲವು ಜೀವಕೋಶಗಳು ಲ್ಯೂಕೋಟ್ರಯೀನ್‌ಗಳೆಂಬ ರಾಸಾಯನಿಕಗಳನ್ನು ಉತ್ಪಾದಿಸುತ್ತವೆ. ಸ್ವೀಡನ್ನಿನ ವಿಜ್ಞಾನಿ ಬೆಂಗ್ಟ್ ಸ್ಯಾಮುಯೆಲ್ಸನ್‌ರು 1979ರಲ್ಲಿ ಇವಕ್ಕೆ ಈ ಹೆಸರಿಟ್ಟರು. ಇವು ನಾಳದ ಸ್ನಾಯುವನ್ನು ಸಂಕುಚಿಸುತ್ತವೆ, ಸೂಕ್ಷ್ಮ ರಕ್ತನಾಳಗಳಿಂದ ದ್ರವವು ಒಸರುವಂತೆ ಮಾಡಿ ಒಳಪೊರೆಯನ್ನು ಊದಿಸುತ್ತವೆ, ಕಫವನ್ನು ಹೆಚ್ಚಿಸುತ್ತವೆ, ಉರಿಯೂತವನ್ನು ಬೆಳೆಸುವ ಬಿಳಿಯ ರಕ್ತಕಣಗಳನ್ನು ಅಲ್ಲಿಗೆ ಸೆಳೆಯುತ್ತವೆ. ನಾಳವನ್ನು ಬಿಗಿಯುವುದರಲ್ಲಿ ಇವು ಹಿಸ್ಟಮಿನ್‌ಗಿಂತ ಅನೇಕ ಪಟ್ಟು ಪ್ರಬಲ. ಶೀತ, ತುರಿಕೆಗಳಿಗೆ ಕೊಡುವ ಅಲರ್ಜಿ ಮಾತ್ರೆಯು ಉಬ್ಬಸವನ್ನು ಹತೋಟಿಗೆ ತಾರದಿರಲು ಇದೂ ಒಂದು ಕಾರಣ.

ಲ್ಯೂಕೋಟ್ರಯೀನ್ ತನ್ನ ಕೆಲಸ ಮಾಡಬೇಕಾದರೆ ಜೀವಕೋಶದ ಮೇಲಿರುವ ಗ್ರಾಹಕವೆಂಬ ನೆಲೆಯಲ್ಲಿ ಹೋಗಿ ಕೂಡಬೇಕು. ಮಾಂಟೆಲುಕಾಸ್ಟ್ ಔಷಧವು ಮೊದಲೇ ಆ ನೆಲೆಯನ್ನು ಆಕ್ರಮಿಸಿಕೊಳ್ಳುತ್ತದೆ. ಬೀಗದ ಕಿಂಡಿಯಲ್ಲಿ ಬೇರೊಂದು ಕೀಲಿ ಸಿಕ್ಕಿಕೊಂಡಿದ್ದರೆ ನಿಜವಾದ ಕೀಲಿಯು ಹೊರಗೇ ಉಳಿಯುವಂತೆ ಎಂದು ತಿಳಿಯಬಹುದು. ಉಬ್ಬಸಕ್ಕೆ ವಯಸ್ಕರಿಗೆ 10 ಮಿಲಿಗ್ರಾಂ, 6ರಿಂದ 14 ವರ್ಷದವರಿಗೆ 5, 2ರಿಂದ 5 ವರ್ಷದ ಮಕ್ಕಳಿಗೆ 4 ಮಿಲಿಗ್ರಾಂ, ದಿನಕ್ಕೊಮ್ಮೆ ಸಂಜೆ, ವೈದ್ಯರ ಸಲಹೆಯ ಮೇರೆಗೆ ಕೊಡುವುದು ವಾಡಿಕೆ.

ಆದರೆ ಉರಿಯೂತಕ್ಕೆ ಬಾಗಿಲುಗಳು ಹಲವು. ಈ ಮಾತ್ರೆ ಮುಚ್ಚುವುದು ಒಂದನ್ನು. ಸೇದುವ ಸ್ಟೀರಾಯ್ಡ್ ಔಷಧವು ಹೆಚ್ಚು ಬಾಗಿಲುಗಳನ್ನು ಮುಚ್ಚುವುದರಿಂದ ಬಹುತೇಕ ರೋಗಿಗಳಿಗೆ ಅದೇ ಮುಖ್ಯ ಚಿಕಿತ್ಸೆ. ‘ಪಂಪು ಹಿಡಿದರೆ ಚಟವಾಗುತ್ತದೆ’ ಎಂಬ ಭಯದಿಂದ ಅದನ್ನು ಬಿಟ್ಟು ಮಾತ್ರೆಯೊಂದನ್ನೇ ನಂಬುವವರುಂಟು. ಅದು ಚಟವಾಗದು, ಬಿಟ್ಟರೆ ಉರಿಯೂತವು ಮರಳುತ್ತದೆ, ಅಷ್ಟೆ. ಅಲರ್ಜಿಯ ನೆಗಡಿಯೂ ಜೊತೆಗಿರುವವರಿಗೆ, ಆಸ್ಪಿರಿನ್‌ನಿಂದ ಉಬ್ಬಸ ಕೆರಳುವವರಲ್ಲಿ ಕೆಲವರಿಗೆ ಮಾತ್ರೆಯು ವಿಶೇಷ ನೆರವಾಗಬಲ್ಲದು.

ಉಬ್ಬಸವು ಹಠಾತ್ತನೆ ಕೆರಳಿದಾಗ ಈ ಮಾತ್ರೆಯನ್ನು ನುಂಗಿ ಕಾಯುತ್ತ ಕೂರಬಾರದು. ಆಗ ಬೇಕಾದುದು ವೈದ್ಯರು ತುರ್ತಿಗೆಂದು ಸೂಚಿಸಿರುವ, ನಾಳವನ್ನು ಕೂಡಲೇ ಸಡಿಲಿಸುವ ಸೇದುವ ಔಷಧ. ಒಂದು ವಾಕ್ಯವನ್ನು ಪೂರ್ತಿಯಾಗಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ತಡಮಾಡದೆ 108ಕ್ಕೆ ಕರೆಮಾಡಬೇಕು. ಒಳಹಳ್ಳಿಗಳಿಂದ ತಾಲ್ಲೂಕು ಆಸ್ಪತ್ರೆಗೆ ದಾರಿ ದೂರವೆಂಬುದನ್ನು ಮರೆಯಬಾರದು.

ಇನ್ನೊಂದು ಮಾತನ್ನು ತಾಯಂದಿರು ಗಮನಿಸಬೇಕು. ಈ ಔಷಧ ಸೇವಿಸುವ ಕೆಲವರಲ್ಲಿ ದುಃಸ್ವಪ್ನ, ನಿದ್ರಾಭಂಗ, ಸಿಡುಕು, ಖಿನ್ನತೆ, ವಿರಳವಾಗಿ ಆತ್ಮಹತ್ಯೆಯ ಯೋಚನೆಯೂ ಕಂಡುಬಂದಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2020ರಲ್ಲಿ ಈ ಕುರಿತು ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಔಷಧದ ವಿವರಪತ್ರದಲ್ಲಿ ಸೇರಿಸಿತು. ನಮ್ಮಲ್ಲಿ ಲಿವೋಸೆಟಿರಿಜಿನ್‌ನೊಡನೆ ಬೆರೆಸಿದ ಮಾಂಟೆಲುಕಾಸ್ಟ್ ‘ನೆಗಡಿ ಮಾತ್ರೆ’ಯೆಂದೇ ಬಳಕೆಯಲ್ಲಿರುವುದರಿಂದ, ಮನೆಮಂದಿಗೆ ಮಗು ನುಂಗುತ್ತಿರುವುದು ಇದೇ ಔಷಧವೆಂದು ತಿಳಿಯದಿರಬಹುದು. ಮಗುವು ರಾತ್ರಿ ಬೆಚ್ಚಿಬಿದ್ದು ಅಳತೊಡಗಿದರೆ, ಅದರ ಸ್ವಭಾವದಲ್ಲಿ ವ್ಯತ್ಯಾಸ ಕಂಡರೆ, ಮಾತ್ರೆಯನ್ನು ನಿಲ್ಲಿಸಿ, ಅದರ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಕೂಡಲೇ ವೈದ್ಯರ ಬಳಿಗೆ ಹೋಗಿರಿ.